ಬಾಯಿ ಕಟ್ಟೋದನ್ನ ಬಿಟ್ಟ ಮೇಲೆ

ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಸದ್ದಾಗದ ಹಾಗೆ ತೆಗೆಯುವುದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು. ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ಮುಚ್ಚಳದ ಮೇಲೆ ಸೆರಗು ಹಾಕಿ, ಒಂದೇ ಕಡೆಯಿಂದ ಹೆಬ್ಬೆರಳಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಅವಸರ ಮಾಡಿದರೆ ಠಣ್ ಅನ್ನುತ್ತದೆ. ಪಕ್ಕದ ಕೋಣೆಯಲ್ಲಿ ಮಲಗಿರುವ ಅತ್ತೆಗೆ ಎಚ್ಚರ ಆಗುತ್ತದೆ. ಚಕ್ಕುಲಿ ಕಡಿದರೆ ಕರುಮ್ ಅನ್ನುತ್ತದಲ್ಲ, ಅದಕ್ಕೂ ಉಪಾಯ ಇತ್ತು. ಬಾಯಲ್ಲಿಟ್ಟುಕೊಂಡು ಮೆತ್ತಗಾಗಲು ಬಿಡುವುದು. ಆದರೆ ಎರಡನೆಯದೋ ಮೂರನೆಯದೋ ಚಕ್ಕುಲಿಯ ಹೊತ್ತಿಗೆ ಆ ತಾಳ್ಮೆ ಇರುತ್ತಿರಲಿಲ್ಲ. ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ತಿನ್ನುತ್ತಿದ್ದೆ.

ನಾನು ತುಮಕೂರಿನಲ್ಲಿರುವ ಹೈಸ್ಕೂಲ್ ಗಣಿತದ ಟೀಚರ್. ಹೆಚ್ಚು ಕಡಿಮೆ ಆರು ವರ್ಷ ಹೀಗೆ ಬದುಕಿದ್ದೇನೆ. ಸ್ಕೂಲಿನಿಂದ ಮನೆಗೆ ಬರುವಾಗ ಸಂಜೆ 5.15. ಮಕ್ಕಳು ಟ್ಯೂಷನ್ ಮುಗಿಸಿ ಬರೋದು 6.30ಕ್ಕೆ, ನಮ್ಮನೆಯವರು ಏಳರ ಮೇಲೆ. ನಡುವಿನ ಆ ಒಂದು ಗಂಟೆಯೇ ನನ್ನ ಗ್ರಹಚಾರ. ಚಪ್ಪಲಿ ಬಿಟ್ಟವಳು ಸೀದಾ ಅಡುಗೆಮನೆಗೆ. ಮಧ್ಯಾಹ್ನದ ಅನ್ನ, ಮಕ್ಕಳ ಬಿಸ್ಕತ್ತು, ಹಬ್ಬದ ಕರ್ಜಿಕಾಯಿ, ಬೆಲ್ಲದ ತುಂಡು, ಒಂದಕ್ಕೊಂದು ಸಂಬಂಧವೇ ಇಲ್ಲ. ರುಚಿಯೂ ಗೊತ್ತಾಗುತ್ತಿರಲಿಲ್ಲ. ನಿಲ್ಲಿಸಬೇಕು ಅಂತ ತಲೆ ಹೇಳುತ್ತಿತ್ತು, ಕೈ ಕೇಳುತ್ತಿರಲಿಲ್ಲ. ಆಮೇಲೆ ಖಾಲಿ ಪ್ಯಾಕೆಟ್ಟುಗಳನ್ನು ಕಸದ ಬುಟ್ಟಿಯಲ್ಲಿ ತರಕಾರಿ ಸಿಪ್ಪೆಯ ಕೆಳಗೆ ತುರುಕುವುದು. ರಾತ್ರಿ ಎಲ್ಲರ ಜೊತೆ ಕೂತು 'ನನಗೆ ಹಸಿವಿಲ್ಲ, ಒಂದೇ ಚಪಾತಿ ಸಾಕು' ಅನ್ನುವುದು. ಪಾಪ, ಇವಳು ಊಟವೇ ಮಾಡಲ್ಲ, ಆದರೂ ದಪ್ಪ ಆಗ್ತಾಳೆ ಅಂತ ನಾದಿನಿಗೆ ಕನಿಕರ.

ಯುಗಾದಿ ದಿನ ನಾಲ್ಕು ಒಬ್ಬಟ್ಟು ಜಾಸ್ತಿ ತಿಂದು ಅಡ್ಡಾಗುವುದು ಬೇರೆ, ಇದು ಬೇರೆ. ಅದು ನನಗೆ ತಿಳಿದದ್ದು ತುಂಬಾ ತಡವಾಗಿ. ಒಬ್ಬಟ್ಟನ್ನು ಎಲ್ಲರ ಎದುರು ನಗುನಗುತ್ತಾ ತಿನ್ನುತ್ತೇವೆ. ಇದರಲ್ಲಿ ಗುಟ್ಟು ಇರುತ್ತದೆ, ಕೈ ಮೀರಿ ಹೋಗುವುದು ಇರುತ್ತದೆ, ಆಮೇಲೆ ನಾಚಿಕೆ ಇರುತ್ತದೆ. ಇದಕ್ಕೆ ಬಿಂಜ್ ಈಟಿಂಗ್ ಡಿಸಾರ್ಡರ್ ಅಂತ ಹೆಸರಿದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದರು. ವಾರಕ್ಕೆ ಒಂದು ಸಲವಾದರೂ, ಮೂರು ತಿಂಗಳು ಹೀಗೆ ನಡೆದರೆ ಅದು ಬರೀ ಬಾಯಿಚಪಲ ಅಲ್ಲ ಅಂತ ಲೆಕ್ಕ. ನನ್ನದು ವಾರಕ್ಕೆ ಮೂರ್ನಾಲ್ಕು ಸಲ.

ಆದರೆ ಅಲ್ಲಿಯವರೆಗೆ ನಾನು ಇದನ್ನು ಹೊಟ್ಟೆಬಾಕತನ ಅಂತಲೇ ತಿಳಿದಿದ್ದೆ. ಒಬ್ಬ ಡಾಕ್ಟರ ಹತ್ತಿರ ಮಂಡಿ ನೋವಿಗೆ ಹೋದಾಗ ಧೈರ್ಯ ಮಾಡಿ ಹೇಳಿದೆ. ಅವರು ತಲೆ ಎತ್ತದೆ, 'ಬಾಯಿ ಕಟ್ಟಬೇಕಮ್ಮ' ಅಂದರು. ಸ್ಟಾಫ್ ರೂಮಿನಲ್ಲಿ ಒಬ್ಬರು 'ಊಟ ಬಲ್ಲವನಿಗೆ ರೋಗವಿಲ್ಲ' ಅಂತ ಗಾದೆ ಹೇಳಿದರು. ಸರಿ, ಬಾಯಿ ಕಟ್ಟಿದೆ. ಬೆಳಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ. ಕೆಲವು ತಿಂಗಳು ಬೂದುಗುಂಬಳದ ಜ್ಯೂಸ್. ತಿಂಡಿ ಬಂದ್. ಮಧ್ಯಾಹ್ನ ಡಬ್ಬಿಯಲ್ಲಿ ಸೌತೆಕಾಯಿ, ಕ್ಯಾರೆಟ್. ಅನ್ನ ಮುಟ್ಟುವ ಹಾಗಿಲ್ಲ. ಗುರುವಾರ ಒಪ್ಪತ್ತು, ಸಂಕಷ್ಟಿ ದಿನ ಉಪವಾಸ. ಭಕ್ತಿಗಿಂತ ತೂಕದ ಆಸೆಯೇ ಹೆಚ್ಚು ಅಂತ ಗಣಪತಿಗೂ ಗೊತ್ತಿತ್ತು. ಸ್ಕೂಲಿನಲ್ಲಿ ಬಿಸಿಯೂಟದ ಸಾಂಬಾರ್ ಘಮ ಬರುವಾಗ ನಾನು ಸೌತೆಕಾಯಿ ಅಗಿಯುತ್ತಾ ಕೂತಿರುತ್ತಿದ್ದೆ. ಹುಡುಗರ ತಟ್ಟೆ ಕಡೆ ನೋಡಬಾರದು ಅಂತ ಕಿಟಕಿಗೆ ಬೆನ್ನು ಹಾಕಿ.

ಅದೇ ದಿನ ಸಂಜೆ 5.15ಕ್ಕೆ ಏನಾಗಬೇಕೋ ಅದು ಆಗುತ್ತಿತ್ತು. ಇಷ್ಟು ಸರಳ ಲೆಕ್ಕ ಗಣಿತದ ಟೀಚರಿಗೆ ಆರು ವರ್ಷ ಹೊಳೆಯಲಿಲ್ಲ ನೋಡಿ.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಟೆರೇಸಿಗೆ ಹೋಗಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡಿಲ್ಲ, ಯಾವ ಹೊತ್ತಿನಲ್ಲಿ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. 'ಸುಮ್ನೆ ತಿಂಡಿ ವಿಷಯಕ್ಕೆ ಫೋನ್ ಮಾಡಿದೆ, ತೊಂದರೆ ಆಯ್ತೇನೋ' ಅಂತ ಶುರು ಮಾಡಿದವಳು ಅತ್ತುಬಿಟ್ಟೆ. ಆ ಕಡೆಯ ಹುಡುಗಿ ಆತುರ ಮಾಡಲಿಲ್ಲ. ಮನಃಶಾಸ್ತ್ರಜ್ಞರನ್ನು ನೋಡಿ ಅಂದಳು. ಎರಡು ವಾರ ಹಿಂದೆ ಮುಂದೆ ನೋಡಿ ಕೊನೆಗೂ ಹೋದೆ.

ಆ ಮೇಡಂ ಡಯಟ್ ಚೀಟಿ ಬರೆದುಕೊಡಲಿಲ್ಲ. ತೂಕವನ್ನೂ ಕೇಳಲಿಲ್ಲ. ಒಂದು ನೋಟ್‌ಬುಕ್ ಇಡಿ ಅಂದರು. ನಾನು ಹಿಂದೆಯೂ ನೋಟ್‌ಬುಕ್ ಇಟ್ಟವಳೇ. ಅದರಲ್ಲಿ ಕ್ಯಾಲೊರಿ ಕೂಡಿಸಿ, ಮೊತ್ತ ಜಾಸ್ತಿಯಾದ ದಿನ ಕೆಂಪು ಪೆನ್ನಲ್ಲಿ ಗೆರೆ ಎಳೆಯುತ್ತಿದ್ದೆ. ಈ ಪುಸ್ತಕ ಹಾಗಲ್ಲ. ಎಷ್ಟು ಹೊತ್ತಿಗೆ, ಏನು, ಎಲ್ಲಿ, ಕೂತೋ ನಿಂತೋ, ಆಗ ಮನಸ್ಸಿನಲ್ಲಿ ಏನಿತ್ತು, ಇಷ್ಟೇ. ತಿಂದ ತಕ್ಷಣ ಬರೆಯಬೇಕು, ರಾತ್ರಿ ನೆನಪು ಮಾಡಿಕೊಂಡು ಬರೆಯಬಾರದು.

ಮೂರು ವಾರ ಬರೆದು ಲೆಕ್ಕ ಹಾಕಿದೆ. 11 ಸಲ ಕೈ ಮೀರಿತ್ತು. ಅದರಲ್ಲಿ 9 ಸಲ, ಬೆಳಗ್ಗೆ ತಿಂಡಿ ಬಿಟ್ಟ ದಿನ. ಹನ್ನೊಂದಕ್ಕೆ ಹನ್ನೊಂದೂ ನಿಂತುಕೊಂಡು ತಿಂದದ್ದು. ಒಂದು ಸಲವೂ ತಟ್ಟೆ ಇಲ್ಲ. ರೋಗ ಸಂಜೆ ಐದಕ್ಕೆ ಶುರುವಾಗುತ್ತಿರಲಿಲ್ಲ, ಬೆಳಗ್ಗೆ ಎಂಟಕ್ಕೆ ನಿಂಬೆಹಣ್ಣು ಹಿಂಡುವಾಗಲೇ ಶುರುವಾಗುತ್ತಿತ್ತು.

ಮೇಡಂ ಆವತ್ತು ಒಂದು ಹಳೆಯ ಪ್ರಯೋಗದ ಕಥೆ ಹೇಳಿದರು. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರೇ ಒಪ್ಪಿ ಬಂದವರು. ದಿನ ಕಳೆದ ಹಾಗೆ ಆ ಹುಡುಗರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಬರಲಿಲ್ಲ. ಕೆಲವರು ಕೂತು ಅಡುಗೆ ಪುಸ್ತಕ ಓದುತ್ತಿದ್ದರಂತೆ. ಊಟ ಮತ್ತೆ ಬೇಕಾದಷ್ಟು ಸಿಕ್ಕಾಗ ಕೆಲವರಿಗೆ ಹೊಟ್ಟೆ ಬಿರಿಯುವಷ್ಟು ತಿಂದರೂ ಸಾಕು ಅನ್ನಿಸಲಿಲ್ಲ. ನನಗೆ ಮೈ ಜುಮ್ ಅಂದಿತು. ಡಯಟ್ ಮಾಡುವಾಗ ರಾತ್ರಿ ಹನ್ನೊಂದರವರೆಗೆ ನಾನು ಮೊಬೈಲಿನಲ್ಲಿ ನೋಡುತ್ತಿದ್ದದ್ದು ಬಿರಿಯಾನಿ, ಒಬ್ಬಟ್ಟಿನ ವಿಡಿಯೊಗಳನ್ನೇ! ನನಗೆ ಮಾನ ಇಲ್ಲ ಅಂದುಕೊಂಡಿದ್ದೆ. ಹಸಿದ ದೇಹ ಮಾಡೋದೇ ಹಾಗಂತೆ.

ಹಾಗಾಗಿ ಮೊದಲ ಮದ್ದು ಏನು ಗೊತ್ತಾ? ತಿನ್ನುವುದು. ದಿನಕ್ಕೆ ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ. ಹಸಿವಿರಲಿ ಬಿಡಲಿ, ನಾಲ್ಕು ಗಂಟೆಗಿಂತ ಜಾಸ್ತಿ ಬಾಯಿ ಖಾಲಿ ಬಿಡಬಾರದು. ಕೇಳಿ ಹೆದರಿದೆ. ಬಾಯಿ ಕಟ್ಟಿಯೇ ಹೀಗಾಗಿದ್ದೇನೆ, ಬಿಟ್ಟರೆ ಆನೆ ಆಗ್ತೀನಿ ಅಂದೆ. 'ಒಂದು ತಿಂಗಳು ಮಾಡಿ ನೋಡಿ, ಆಮೇಲೆ ನನ್ನನ್ನು ಬೈಯಿರಿ' ಅಂದರು.

ಬೆಳಗ್ಗೆ ಎಂಟಕ್ಕೆ ತಿಂಡಿ. ನಾನು ಎಲ್ಲರಿಗೂ ಬಡಿಸಿ, ಮಕ್ಕಳ ಡಬ್ಬಿ ಕಟ್ಟಿ, ಬಸ್ಸಿಗೆ ಓಡುವವಳು. ಕೂತು ತಿನ್ನಲು ಹೊತ್ತೇ ಇಲ್ಲ ಅಂತ ವಾದ ಮಾಡಿದ್ದೆ. ನಮ್ಮನೆಯವರಿಗೆ ಹೇಳಿದೆ, 'ರೀ, ಇನ್ಮೇಲೆ ಡಬ್ಬಿ ನೀವು ಕಟ್ಟಿ.' ಯಾಕೆ ಅಂತಲೂ ಕೇಳದೆ ಕಟ್ಟಿದರು. ಮುಚ್ಚಳ ಸರಿಯಾಗಿ ಹಾಕದೆ ಮಗನ ಬ್ಯಾಗಿಗೆಲ್ಲ ಪಲ್ಯ ಸುರಿದದ್ದು ಬೇರೆ ಕಥೆ. ಶನಿವಾರ ಬೆಳಗ್ಗೆ ಸ್ಕೂಲು, ಮನೆಯಲ್ಲಿ ಏನೂ ಆಗದಿದ್ದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾರ್ಸೆಲ್. ಎರಡು ಇಡ್ಲಿ, ಚಟ್ನಿ. ಅಪರಾಧ ಮಾಡಿದ ಹಾಗೆ ಅನ್ನಿಸುತ್ತಿತ್ತು ಮೊದಮೊದಲು. ಮಧ್ಯಾಹ್ನದ ಡಬ್ಬಿಗೆ ಅನ್ನ ಸಾರು, ಇಲ್ಲವೇ ಮುದ್ದೆ ಬದಲು ರಾಗಿ ರೊಟ್ಟಿ, ಹೆಸರುಕಾಳು ಉಸ್ಲಿ. ಇನ್ನು ಮುಖ್ಯವಾದದ್ದು ಮೂರೂವರೆಯ ತಿಂಡಿ. ಸ್ಟಾಫ್ ರೂಮಿನಲ್ಲೇ ಒಂದು ಬಾಳೆಹಣ್ಣು, ಒಂದು ಹಿಡಿ ಹುರಿದ ಕಡಲೆಬೀಜ. ಅದು ಒಳಗೆ ಬಿದ್ದ ದಿನ ಮನೆಗೆ ಬಂದಾಗ ಅಡುಗೆಮನೆ ಬರೀ ಅಡುಗೆಮನೆ ಆಗಿರುತ್ತಿತ್ತು. ಬೀಳದ ದಿನ ಗುಹೆ.

ಮೊದಲ ತಿಂಗಳಲ್ಲೇ ವಾರಕ್ಕೆ ನಾಲ್ಕು ಇದ್ದದ್ದು ಎರಡಕ್ಕೆ ಇಳಿಯಿತು. ಆದರೆ ಉಳಿದ ಎರಡು ಹಸಿವಿನದ್ದಲ್ಲ. ನೋಟ್‌ಬುಕ್ಕಿನ ಕೊನೆಯ ಕಾಲಮ್ಮು ಅದನ್ನು ಹೇಳಿತು: 'ಹೆಡ್ ಮೇಡಂ ಎಲ್ಲರ ಎದುರು ಬೈದರು', 'ಅಣ್ಣ ಫೋನ್ ಮಾಡಲಿಲ್ಲ', 'ಸುಸ್ತು, ಯಾರೂ ಇಲ್ಲ'. ಇಂಥ ಹೊತ್ತಿನಲ್ಲಿ ನೀರು ಕುಡಿಯಿರಿ, ದೇವರ ನಾಮ ಹೇಳಿ ಅನ್ನುತ್ತಾರೆ. ನನಗೆ ಎರಡೂ ನಾಟಲಿಲ್ಲ. ನಾಟಿದ್ದು ಮೆಂತ್ಯ ಸೊಪ್ಪು. ತಿನ್ನಲೇಬೇಕು ಅನ್ನೋ ಸೆಳೆತ ಅಲೆಯ ಹಾಗೆ ಏರಿ, ನೆತ್ತಿ ಮುಟ್ಟಿ, ತಾನೇ ಇಳಿಯುತ್ತದೆ, ಇಪ್ಪತ್ತು ಮೂವತ್ತು ನಿಮಿಷ ಅದರ ಜೊತೆ ಕೂತಿರಿ ಅಂದಿದ್ದರು ಮೇಡಂ. ಸುಮ್ನೆ ಕೂರಲು ನನ್ನಿಂದ ಆಗಲಿಲ್ಲ. ಸೊಪ್ಪಿನ ಕಟ್ಟು, ಮೊರ ಹಿಡಿದು ಜಗಲಿಗೆ ಹೋದೆ. ಒಂದೊಂದೇ ಎಲೆ ಬಿಡಿಸಿದೆ. ಹತ್ತನೇ ನಿಮಿಷಕ್ಕೆ ಎದ್ದು ಓಡಬೇಕು ಅನ್ನಿಸಿತು, ಬಾಯಲ್ಲಿ ನೀರು, ಎದೆ ಡವಡವ. ಎದುರು ಮನೆಯ ಅಜ್ಜಿ 'ಏನಮ್ಮಾ ಟೀಚರಮ್ಮ, ಸೊಪ್ಪಿನ ಮೇಲೆ ಕೋಪಾನಾ, ಹಂಗೆ ಕೀಳ್ತಿದೀಯ' ಅಂದರು. ಅವರ ಜೊತೆ ಮಾತಾಡುತ್ತಾ ಕಟ್ಟು ಮುಗಿಯಿತು. ಒಳಗೆ ಹೋದೆ. ಡಬ್ಬಿ ಅಲ್ಲೇ ಇತ್ತು. ಬೇಕು ಅನ್ನಿಸಿತು, ಆದರೆ ಕೈ ನನ್ನ ಮಾತು ಕೇಳುವಷ್ಟು. ಆಮೇಲೆ ನಮ್ಮನೆಯಲ್ಲಿ ಮೆಂತ್ಯದ ಪಲ್ಯ, ಮೆಂತ್ಯದ ಚಪಾತಿ ಜಾಸ್ತಿಯಾಗಿ ಮಕ್ಕಳು ಗಲಾಟೆ ಮಾಡಿದರು.

ಎಲ್ಲ ಸಲವೂ ಇಳಿಯಲಿಲ್ಲ ಅನ್ನುವುದನ್ನೂ ಹೇಳಬೇಕು. ಒಂದು ಬಿಸ್ಕತ್ತು ಬಾಯಿಗೆ ಹೋದರೆ ಸಾಕು, ಮುಳುಗಿದವನಿಗೆ ಚಳಿಯೇನು ಮಳೆಯೇನು ಅಂತ ಇಡೀ ಪ್ಯಾಕೆಟ್ಟು, ಆಮೇಲೆ 'ಸೋಮವಾರದಿಂದ ಕಟ್ಟುನಿಟ್ಟು'. ಈ ಬುದ್ಧಿ ನನ್ನೊಬ್ಬಳದ್ದೇ ಅಲ್ಲ. 1975ರಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮ್ ಇಟ್ಟರೆ, ಮಾಮೂಲಿ ಜನ ಕಡಿಮೆ ತಿಂದರು. ಬಾಯಿ ಕಟ್ಟಿಕೊಂಡು ಬದುಕುವವರು, ಮಿಲ್ಕ್‌ಶೇಕ್ ಕುಡಿಯದೆ ಇದ್ದಾಗ ತಿನ್ನುವುದಕ್ಕಿಂತಲೂ ಹೆಚ್ಚು ತಿಂದರು. ನಿಯಮ ಮುರಿದ ಮೇಲೆ ಇನ್ನೇನು ಅಂತ. ಅದಕ್ಕೆ ಮೇಡಂ ನನ್ನ 'ಮುಟ್ಟಬಾರದು' ಪಟ್ಟಿಯನ್ನೇ ಹರಿದು ಹಾಕಿಸಿದರು. ಅನ್ನ ಮೊದಲು ವಾಪಸ್ ಬಂತು. ಆಮೇಲೆ ಸಿಹಿ. ಚಕ್ಕುಲಿ ಕೊನೆಗೆ, ಅದಕ್ಕೆ ಹೆದರುತ್ತಿದ್ದೆ. ತಟ್ಟೆಗೆ ಹಾಕಿಕೊಂಡು, ಕೂತು, ಯಾರಾದರೂ ಜೊತೆಗಿದ್ದಾಗ. ಜಗಳ ಆದ ದಿನ ಅಲ್ಲ.

ಉಳಿದದ್ದನ್ನು ಬಳಿದು ತಿನ್ನುವುದು ಇನ್ನೊಂದು. ಅನ್ನ ಚೆಲ್ಲಬಾರದು ಅಂತ ಪಾತ್ರೆ ತಳದ್ದೆಲ್ಲ ನನ್ನ ಹೊಟ್ಟೆಗೆ. ನಮ್ಮ ಎಷ್ಟು ಮನೆಗಳಲ್ಲಿ ಹೆಂಗಸರ ಹೊಟ್ಟೆಯೇ ಮನೆಯ ಡಸ್ಟ್‌ಬಿನ್ ಅಲ್ವಾ? ಮೂರು ಪಾವು ಇಡುತ್ತಿದ್ದ ಅಕ್ಕಿಯನ್ನು ಎರಡೂವರೆಗೆ ಇಳಿಸಿದೆ. ಮಿಕ್ಕಿದ್ದು ಬೆಳಗ್ಗೆ ಚಿತ್ರಾನ್ನ.

ಅತ್ತೆಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟ ಅಂದುಕೊಂಡಿದ್ದೆ. ಒಂದು ಭಾನುವಾರ ಅವರ ತಲೆಗೆ ಎಣ್ಣೆ ಹಚ್ಚುತ್ತಾ, ಮುಖ ಕಾಣದ ಧೈರ್ಯಕ್ಕೆ, ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಗೊತ್ತು ಕಣಮ್ಮ. ಪಾತ್ರೆ ಸದ್ದೇ ಇಲ್ಲ, ಬರೀ ನಲ್ಲಿ ಸದ್ದು. ಅಷ್ಟು ಹೊತ್ತು ಏನು ತೊಳೀತಿ ನೀನು?' ಅಂದರು. ಆಮೇಲೆ, 'ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕಲ್ಲ, ಅದಕ್ಕೇ ಹಂಗೆ.' ನೋಟ್‌ಬುಕ್, ಕಾಲಮ್ಮು, ಮಿನೆಸೋಟ ಎಲ್ಲ ಸುತ್ತಿ ನಾನು ಬಂದು ನಿಂತ ಜಾಗದಲ್ಲಿ ಅವರು ಮೊದಲೇ ಕೂತಿದ್ದರು. ಮುಂಚೆ ಯಾಕೆ ಹೇಳಲಿಲ್ಲ ಅಂದೆ. 'ನೀನು ಓದಿರೋಳು' ಅಂದರು.

ತೂಕ ಎಷ್ಟು ಇಳಿಯಿತು ಅಂತ ಎಲ್ಲರೂ ಕೇಳುತ್ತಾರೆ. ಹೇಳುವುದಿಲ್ಲ. ದಿನಕ್ಕೆರಡು ಸಲ ತೂಕದ ಮಷೀನ್ ಹತ್ತುತ್ತಿದ್ದವಳು ಈಗ ವಾರಕ್ಕೊಮ್ಮೆ ಹತ್ತುತ್ತೇನೆ, ಅಷ್ಟು ಸಾಕು. ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು, ತೂಕ ಇಳಿಸಲು ಮಾತ್ರೆ ನುಂಗುವುದು ಇದ್ದವರು, ಶುಗರ್ ಇದ್ದವರು ನನ್ನ ಹಾಗೆ ಹಿಂದೆ ಮುಂದೆ ನೋಡುತ್ತಾ ಕೂರಬೇಡಿ, ಬೇಗ ತೋರಿಸಿಕೊಳ್ಳಿ.

ಎರಡು ವರ್ಷ ಆಯಿತು. ಕಳೆದ ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿದ್ದೆ. ಬಿಸಿಲು, ಪೇಪರ್ ಕಟ್ಟು ಮುಗಿಯುವುದೇ ಇಲ್ಲ, ಮೂರೂವರೆಯ ಬಾಳೆಹಣ್ಣು ಬ್ಯಾಗಿನಲ್ಲೇ ಕಪ್ಪಾಯಿತು. ಐದು ತಿಂಗಳ ಮೇಲೆ ಮತ್ತೆ ಕೈ ಮೀರಿತು. ಅಡುಗೆಮನೆ ಕಟ್ಟೆಗೆ ಒರಗಿ, ನಿಂತುಕೊಂಡೇ, ಹಳೆಯ ಹಾಗೆಯೇ. ನಲ್ಲಿ ಮಾತ್ರ ತಿರುಗಿಸಲಿಲ್ಲ. ನೋಟ್‌ಬುಕ್ ತೆಗೆದು ಬರೆದೆ. ರಾತ್ರಿ ಮಲಗುವಾಗ ಹಳೆಯ ಬುದ್ಧಿ ಬಂತು: ನಾಳೆ ಬರೀ ಬಿಸಿನೀರು. ಬೆಳಗ್ಗೆ ಎದ್ದು ಎಂಟಕ್ಕೆ ಕೂತು ಉಪ್ಪಿಟ್ಟು ತಿಂದೆ. ಮಾಡಿದವರು ನಮ್ಮನೆಯವರು, ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು.