ನಮ್ಮ ಗಡಸು ನೀರಿಗೆ ಮನೆಯಲ್ಲೇ ಮಾಡಿದ ಸೋಪು

ಎರಡು ಖಾಲಿ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ತುಂಬಿಸಿ. ಒಂದೇ ಸೋಪಿನಿಂದ ಉಗುರಿನಷ್ಟು ಚೂರು ಕೆರೆದು ಎರಡಕ್ಕೂ ಹಾಕಿ. ಕರಗಿದ ಮೇಲೆ ಮುಚ್ಚಳ ಬಿಗಿದು ಜೋರಾಗಿ ಕುಲುಕಿ. ಡಿಸ್ಟಿಲ್ಡ್ ನೀರಿನ ಬಾಟಲಿಯಲ್ಲಿ ಕತ್ತಿನವರೆಗೆ ನೊರೆ ಏರುತ್ತದೆ. ಬೋರ್ ನೀರು ಮಾತ್ರ ಒಡೆದ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಮೇಲೆ ಸಣ್ಣ ಸಣ್ಣ ಗರಣೆ ತೇಲುತ್ತದೆ.

ಶಹಾಬಾದ್‌ನ ನಮ್ಮ ಮನೆಯಲ್ಲಿ ಇದನ್ನು ಮಾಡಿ ನೋಡಿದ ದಿನ ನನ್ನ ಹತ್ತು ವರ್ಷದ ತಪ್ಪು ತಿಳುವಳಿಕೆ ಹೋಯಿತು. ಸೋಪು ಹಚ್ಚಿದರೆ ಮೈ ಬಿಗಿಯುತ್ತದೆ, ಚಳಿಗಾಲದಲ್ಲಿ ಕಾಲು ಬಿಳಿಚಿ ಒಡೆಯುತ್ತದೆ ಅಂತ ನಾನು ಬಾರ್ ಸೋಪನ್ನೇ ಬಿಟ್ಟಿದ್ದೆ. ಪಂಪ್ ಒತ್ತುವ ಬಾಟಲಿ ಮನೆಗೆ ಬಂದಿತ್ತು. ಆದರೆ ತಪ್ಪಿನಲ್ಲಿ ದೊಡ್ಡ ಪಾಲು ನೀರಿನದು. ಶಹಾಬಾದ್ ಕಲ್ಲು ಅಂದರೆ ಸುಣ್ಣಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಕಲ್ಲಿಗಾಗಿಯೇ. ಅದರ ಸಂದಿಯಲ್ಲಿ ಇಳಿದ ನೀರು ಕ್ಯಾಲ್ಸಿಯಂ ಹೊತ್ತು ತರುತ್ತದೆ. ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿದರೆ ನೀರಲ್ಲಿ ಕರಗದ ಜಿಗುಟು ಆಗುತ್ತದೆ. ಬಚ್ಚಲ ಪರ್ಸಿಯ ಮೇಲೆ ಕೂರುವ ಬಿಳಿ ಪೊರೆ ಅದೇ. ಮೈಮೇಲೆ ಉಳಿಯುವುದೂ ಅದೇ.

ನೀರನ್ನು ಬದಲಾಯಿಸುವುದು ನನ್ನ ಕೈಲಿ ಇರಲಿಲ್ಲ. ಈ ನೀರಿಗೆ ಹೊಂದುವ ಸೋಪು ಮಾಡಿಕೊಳ್ಳುವುದು ಇತ್ತು. ಒಂದು ತೂಕದ ಯಂತ್ರ, ಎರಡು ಸ್ಟೀಲ್ ಬೋಗುಣಿ, ಒಂದು ಬೆಳಗಿನ ಹೊತ್ತು, ಆಮೇಲೆ ಆರು ವಾರ ತಾಳ್ಮೆ. ಇಷ್ಟಿದ್ದರೆ ಯಾರು ಬೇಕಾದರೂ ಮಾಡಬಹುದು.

ಯಾವ ಎಣ್ಣೆ, ಎಷ್ಟು?

ಮೊದಲು ಅಂಗಡಿ ಸೋಪಿನ ಹೊದಿಕೆ ತಿರುಗಿಸಿ ಓದಿ. ಟಿಎಫ್ಎಂ ಅಂತ ಒಂದು ಅಂಕಿ ಇರುತ್ತದೆ. ಸೋಪಿನಲ್ಲಿ ಎಣ್ಣೆ-ಕೊಬ್ಬಿನಿಂದ ಬಂದ ಅಂಶ ಎಷ್ಟು ಅಂತ ಅದು ಹೇಳುತ್ತದೆ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಟಾಯ್ಲೆಟ್ ಸೋಪಿಗೆ ಕನಿಷ್ಠ ಶೇ 76 ಇರಬೇಕು, ಎರಡನೆಯದಕ್ಕೆ 70, ಮೂರನೆಯದಕ್ಕೆ 60. 'ಬೇದಿಂಗ್ ಬಾರ್' ಅಂತ ಬರೆದಿದ್ದರೆ ಅದು ಬೇರೆ ಜಾತಿ, ಶೇ 40 ಇದ್ದರೂ ನಡೆಯುತ್ತದೆ. ನಾನು ವರ್ಷಗಟ್ಟಲೆ ಈ ಸಾಲು ಓದದೇ ಸೋಪು ತಂದಿದ್ದೆ.

ಮನೆ ಸೋಪಿನಲ್ಲಿ ಎಣ್ಣೆ ಆರಿಸುವವರು ನೀವೇ. ಗಡಸು ನೀರಲ್ಲೂ ನೊರೆ ಕೊಡುವುದು ಕೊಬ್ಬರಿ ಎಣ್ಣೆ. ಉಪ್ಪು ನೀರಲ್ಲಿ ಕೂಡ ಅದರ ಸೋಪು ನೊರೆ ಬರಿಸುತ್ತದೆ. ಆದರೆ ಬರೀ ಕೊಬ್ಬರಿ ಎಣ್ಣೆಯದಾದರೆ ಚರ್ಮ ಒಣಗುತ್ತದೆ. ಅದಕ್ಕೇ ಅರ್ಧ ಭಾಗ ಮಾತ್ರ ಅದು. ಮೆದುತನಕ್ಕೆ ಶೇಂಗಾ ಎಣ್ಣೆ, ನೊರೆ ಬೇಗ ಇಳಿಯದಿರಲಿ ಅಂತ ಸ್ವಲ್ಪ ಔಡಲ ಎಣ್ಣೆ, ಅಂದರೆ ಹರಳೆಣ್ಣೆ.

ಇನ್ನು ಕುಸುಬೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ, ಜೋಳದ ಅಂಚಿಗೆ ಮುಳ್ಳು ಮುಳ್ಳಾದ ಸಾಲು ಕಾಣುತ್ತದಲ್ಲ, ದನ ನುಗ್ಗದಿರಲಿ ಅಂತ ಹಾಕಿದ್ದು, ಅದು. ನಮ್ಮ ಕಡೆಯ ಸೋಪಿನಲ್ಲಿ ನಮ್ಮ ಹೊಲದ ಎಣ್ಣೆ ಇರಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಮೊದಲ ಸಲ ಗಾಣದಿಂದ ತಂದ ಕುಸುಬೆ ಎಣ್ಣೆಯನ್ನೇ ಅರ್ಧಕ್ಕಿಂತ ಜಾಸ್ತಿ ಹಾಕಿದೆ. ನಾಲ್ಕು ದಿನವಾದರೂ ಸೋಪು ಮೆತ್ತಗೇ ಇತ್ತು, ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಎರಡು ತಿಂಗಳಿಗೆ ಮೈತುಂಬ ಕಿತ್ತಳೆ ಬಣ್ಣದ ಚುಕ್ಕಿ, ಮೂಗಿಗೆ ಹಿಡಿದರೆ ಹಳೆ ಎಣ್ಣೆಯ ಕಮಟು. ಕುಸುಬೆ ಎಣ್ಣೆಯ ಗುಣವೇ ಹಾಗೆ. ಅದರಲ್ಲಿ ಹೆಚ್ಚಿನದು ಲಿನೋಲಿಕ್ ಆಮ್ಲ, ಅದು ಗಾಳಿಗೆ ಬೇಗ ಕೆಡುತ್ತದೆ. ಹತ್ತರಲ್ಲಿ ಒಂದು ಭಾಗ ಹಾಕಿದರೆ ಮೈಗೆ ನುಣುಪು ಕೊಡುತ್ತದೆ, ತೊಂದರೆ ಕೊಡುವುದಿಲ್ಲ. ಹಾಗಾಗಿ ಅಷ್ಟೇ.

ನನ್ನ ಈಗಿನ ಅಳತೆ ಇದು. ಕೊಬ್ಬರಿ ಎಣ್ಣೆ 250 ಗ್ರಾಂ, ಶೇಂಗಾ ಎಣ್ಣೆ 150 ಗ್ರಾಂ, ಔಡಲ ಎಣ್ಣೆ 50 ಗ್ರಾಂ, ಕುಸುಬೆ ಎಣ್ಣೆ 50 ಗ್ರಾಂ. ಕಾಸ್ಟಿಕ್ ಸೋಡಾ 73 ಗ್ರಾಂ. ಡಿಸ್ಟಿಲ್ಡ್ ವಾಟರ್ 150 ಗ್ರಾಂ. ಆರು ಒಳ್ಳೆ ಗಾತ್ರದ ಸೋಪು ಆಗುತ್ತದೆ. ಎಲ್ಲವನ್ನೂ ತೂಕ ಮಾಡಬೇಕು, ಎಣ್ಣೆ ಮತ್ತು ನೀರನ್ನೂ. ಲೋಟ, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

73 ಗ್ರಾಂ ಎಲ್ಲಿಂದ ಬಂತು?

ಈ ಲೆಕ್ಕ ತಿಳಿಯದೇ ಸೋಪಿಗೆ ಕೈ ಹಾಕಬೇಡಿ. ಸೋಪು ಅಂದರೆ ಎಣ್ಣೆ ಮತ್ತು ಕಾಸ್ಟಿಕ್ ಕೂಡಿ ಎರಡೂ ಇಲ್ಲದಂತಾಗುವುದು. ಉಳಿಯುವುದು ಸೋಪು ಮತ್ತು ಗ್ಲಿಸರಿನ್. ಒಂದೊಂದು ಎಣ್ಣೆ ಒಂದೊಂದು ಪ್ರಮಾಣದಲ್ಲಿ ಕಾಸ್ಟಿಕ್ ಬೇಡುತ್ತದೆ. 1 ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ ಬೇಕು. ಶೇಂಗಾ, ಕುಸುಬೆಗೆ ಸುಮಾರು 0.136. ಔಡಲಕ್ಕೆ 0.128. ನಮ್ಮ ಅಳತೆಗೆ ಗುಣಿಸಿ ನೋಡಿ: 45.75, 20.4, 6.8, 6.4. ಕೂಡಿದರೆ 79.35 ಗ್ರಾಂ. ಅಷ್ಟನ್ನೂ ಹಾಕಿದರೆ ಎಣ್ಣೆ ಪೂರ್ತಿ ಮುಗಿದುಹೋಗುತ್ತದೆ, ತೂಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಸೋಪು ಮೈ ಸುಡುತ್ತದೆ. ಅದಕ್ಕೆ ಶೇ 8ರಷ್ಟು ಕಡಿಮೆ ಹಾಕುತ್ತೇವೆ. 73 ಬರುತ್ತದೆ. ಕೂಡದೇ ಉಳಿದ ಆ ಸ್ವಲ್ಪ ಎಣ್ಣೆಯೇ ನಮ್ಮ ಒಣ ಹವೆಯಲ್ಲಿ ಚರ್ಮ ಕಾಯುತ್ತದೆ. ಶೇಂಗಾ ಎಣ್ಣೆ ಸಿಗಲಿಲ್ಲ ಅಂತ ಬೇರೆ ಎಣ್ಣೆ ಸುರಿದರೆ ಲೆಕ್ಕ ಮತ್ತೆ ಮೊದಲಿಂದ ಮಾಡಬೇಕು.

ಕಾಸ್ಟಿಕ್ ಸೋಡಾ ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಬಟ್ಟೆ ಸೋಡಾ ಬೇರೆ, ತಿನ್ನುವ ಸೋಡಾ ಬೇರೆ. ಅವುಗಳಿಂದ ಸೋಪು ಆಗುವುದಿಲ್ಲ. ಮೋರಿ ಸ್ವಚ್ಛ ಮಾಡುವ ಪುಡಿಯೂ ಬೇಡ, ಅದರಲ್ಲಿ ಏನೇನೋ ಬೆರೆತಿರುತ್ತದೆ. ಕೆಮಿಕಲ್ ಅಂಗಡಿಯಲ್ಲಿ ಶುದ್ಧ ಕಾಸ್ಟಿಕ್ ಫ್ಲೇಕ್ಸ್ ಕೇಳಿ. ಡಬ್ಬಿಯ ಮುಚ್ಚಳ ಸದಾ ಬಿಗಿಯಾಗಿರಲಿ, ಗಾಳಿಯ ತೇವ ಹೀರಿ ಅದು ಕೆಡುತ್ತದೆ. ಡಿಸ್ಟಿಲ್ಡ್ ವಾಟರ್ ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಚೀಟಿ ಓದಿ ತನ್ನಿ, ಅಲ್ಲೇ ಪಕ್ಕದಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ. ಬೋರ್ ನೀರಲ್ಲಿ ಮಾಡಿದರೆ ಸೋಪಿನೊಳಗೇ ಸುಣ್ಣದ ಜಿಗುಟು ಸೇರಿಕೊಳ್ಳುತ್ತದೆ.

ಕಾಸ್ಟಿಕ್ ಮುಟ್ಟುವ ಮೊದಲು

ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ. ನಮ್ಮ ಕಡೆ ಜರ್ಮನ್ ಪಾತ್ರೆ ಅಂತಾರಲ್ಲ, ಅದು. ಕಾಸ್ಟಿಕ್ ಅದನ್ನು ತಿನ್ನುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಗಾಳಿ ಬಿಡುತ್ತದೆ. ಕಲಾಯಿ ಮಾಡಿದ ಹಿತ್ತಾಳೆಯೂ ಬೇಡ. ಸ್ಟೀಲ್ ಒಂದೇ ಸರಿ, ಅದನ್ನೂ ಇದಕ್ಕೇ ಅಂತ ಬೇರೆ ಇಡಿ.

ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಮುಚ್ಚುವ ಕನ್ನಡಕ, ತುಂಬು ತೋಳಿನ ಅಂಗಿ, ಕಾಲಿಗೆ ಚಪ್ಪಲಿಯ ಬದಲು ಶೂ. ಮಕ್ಕಳು, ಬೆಕ್ಕು, ನಾಯಿ ಆ ಕಡೆ ಸುಳಿಯದಿರಲಿ. ಚರ್ಮಕ್ಕೆ ಹನಿ ಬಿದ್ದರೆ ತಕ್ಷಣ ಹರಿಯುವ ನೀರಿಗೆ ಹಿಡಿದು ಹದಿನೈದು ಇಪ್ಪತ್ತು ನಿಮಿಷ ತೊಳೆಯಿರಿ. ಲಿಂಬಿ ರಸ, ವಿನೆಗರ್ ಹಚ್ಚಬೇಡಿ. ಕಣ್ಣಿಗೆ ಸಿಡಿದರೆ ತೊಳೆಯುತ್ತಲೇ ಇರಿ, ತಡ ಮಾಡದೇ ಆಸ್ಪತ್ರೆಗೆ ಹೋಗಿ. ಇದರಲ್ಲಿ ಸಡಿಲು ಬಿಡುವ ಮಾತೇ ಇಲ್ಲ.

ಬೆಳಗಿನ ಕೆಲಸ

ಬೇಸಿಗೆಯಲ್ಲಾದರೆ ಆರು ಗಂಟೆಗೇ ಶುರು ಮಾಡಿ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಕಾಸ್ಟಿಕ್ ನೀರು ತಣಿಯುವುದೇ ಇಲ್ಲ.

ಅಂಗಳದಲ್ಲೋ ಮಾಳಿಗೆ ಮೇಲೋ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಬೋಗುಣಿಯಲ್ಲಿ 150 ಗ್ರಾಂ ನೀರು ಮೊದಲು. ಅದಕ್ಕೆ ತೂಗಿಟ್ಟ ಕಾಸ್ಟಿಕ್ ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಸ್ಟೀಲ್ ಚಮಚದಿಂದ ತಿರುವಿ. ಯಾವತ್ತೂ ನೀರಿಗೆ ಕಾಸ್ಟಿಕ್. ಕಾಸ್ಟಿಕ್‌ಗೆ ನೀರು ಸುರಿದರೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಒಲೆ ಇಲ್ಲದೇ ನೀರು ಸುಡುವಷ್ಟು ಕಾಯುತ್ತದೆ, ಹಬೆ ಏಳುತ್ತದೆ. ಆ ಹಬೆ ಮೂಗಿಗೆ ತೆಗೆದುಕೊಳ್ಳಬೇಡಿ. ಮೊದಲು ಮಬ್ಬಾಗಿ, ಆಮೇಲೆ ತಿಳಿಯಾಗುತ್ತದೆ. ಬೋಗುಣಿಯನ್ನು ತಣ್ಣೀರು ಇರುವ ಪರಾತದಲ್ಲಿಟ್ಟು ಬಿಡಿ.

ಅಷ್ಟರಲ್ಲಿ ಎಣ್ಣೆಗಳನ್ನೆಲ್ಲ ದೊಡ್ಡ ಬೋಗುಣಿಗೆ ತೂಗಿ ಹಾಕಿ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿದ್ದರೆ ಸಣ್ಣ ಉರಿಯಲ್ಲಿ ಕರಗಿಸಿಕೊಳ್ಳಿ. ಎಣ್ಣೆ, ಕಾಸ್ಟಿಕ್ ನೀರು ಎರಡೂ 40ರಿಂದ 45 ಡಿಗ್ರಿಗೆ ಬರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಬೋಗುಣಿಯ ಹೊರಮೈ ಮುಟ್ಟಿ ನೋಡಿ. ಬೆಚ್ಚಗೆ ಅನ್ನಿಸಬೇಕು, ಕೈ ಹಿಂದೆಳೆಯುವಷ್ಟು ಬಿಸಿ ಇರಬಾರದು.

ಈಗ ಕಾಸ್ಟಿಕ್ ನೀರನ್ನು ಎಣ್ಣೆಗೆ ಸಣ್ಣ ಧಾರೆಯಾಗಿ ಬಿಡಿ. ಹೊಂಬಣ್ಣದ ಎಣ್ಣೆ ಕ್ಷಣದಲ್ಲಿ ಮಬ್ಬಾಗಿ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತದೆ. ನಾನು ಮೊದಲು ಹಳೆಯ ಕಡಗೋಲಿನಿಂದ ಕಡೆದೆ, ನಲವತ್ತು ನಿಮಿಷ ಬೇಕಾಯಿತು. ರಟ್ಟೆ ನೋಯುತ್ತದೆ, ಆದರೆ ಹದ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಹ್ಯಾಂಡ್ ಬ್ಲೆಂಡರ್ ಇದ್ದರೆ ಐದು ನಿಮಿಷದೊಳಗೆ ಮುಗಿಯುತ್ತದೆ. ಅದನ್ನು ಪೂರ್ತಿ ಮುಳುಗಿಸಿಯೇ ಚಾಲೂ ಮಾಡಿ, ಇಲ್ಲದಿದ್ದರೆ ಸಿಡಿಯುತ್ತದೆ. ಸ್ವಲ್ಪ ಓಡಿಸಿ, ನಿಲ್ಲಿಸಿ, ಸುಮ್ನೆ ಕೈಯಿಂದ ತಿರುವಿ, ಮತ್ತೆ ಓಡಿಸಿ.

ಹದ ಬಂತು ಅಂತ ಗೊತ್ತಾಗುವುದು ಹೀಗೆ. ಮೊದಲು ಮಜ್ಜಿಗೆ, ಆಮೇಲೆ ಅಂಬಲಿ, ಕೊನೆಗೆ ಮಿರ್ಚಿ ಅದ್ದುವ ಕಡಲೆ ಹಿಟ್ಟಿನ ಹದ. ಚಮಚ ಎತ್ತಿ ಮೇಲಿಂದ ಒಂದು ಗೆರೆ ಬಿಡಿ. ಗೆರೆ ಮುಳುಗದೇ ಮೇಲೆಯೇ ಒಂದು ಕ್ಷಣ ನಿಂತರೆ ಸಾಕು, ನಿಲ್ಲಿಸಿ. ಇನ್ನೂ ಕಡೆದರೆ ಬೋಗುಣಿಯಲ್ಲೇ ಗಟ್ಟಿಯಾಗುತ್ತದೆ.

ಒಂದು ದೊಡ್ಡ ಚಮಚ ಕಡಲೆ ಹಿಟ್ಟು ಸೇರಿಸುವುದಿದ್ದರೆ ಈಗಲೇ. ಚಿಟಿಕೆ ಅರಿಶಿನವನ್ನೂ ಹಾಕಬಹುದು. ಅರಿಶಿನ ಬಿದ್ದಲ್ಲೆಲ್ಲ ಮಿಶ್ರಣ ಕೆಂಪಾಗುವುದನ್ನು ನೋಡಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದು ಇದೇ ಗುಣದಿಂದ. ಅಂಗಿಯ ಮೇಲಿನ ಸಾರಿನ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗುವುದೂ ಅದೇ. ಸೋಪು ಒಣಗುತ್ತಾ ಹೋದಂತೆ ಬಣ್ಣ ತಿಳಿಯಾಗುತ್ತದೆ.

ಒಂದು ಲೀಟರಿನ ಐಸ್‌ಕ್ರೀಮ್ ಡಬ್ಬಕ್ಕೆ ಬಟರ್ ಪೇಪರ್ ಹಾಸಿ ಸುರಿಯಿರಿ. ಎರಡು ಸಲ ನೆಲಕ್ಕೆ ತಟ್ಟಿದರೆ ಒಳಗಿನ ಗಾಳಿ ಹೋಗುತ್ತದೆ. ಚಳಿಗಾಲವಾದರೆ ಮೇಲೆ ಮುಚ್ಚಿ, ಹಳೆ ಕೌದಿ ಸುತ್ತಿಡಿ. ಬೇಸಿಗೆಯಲ್ಲಿ ಕೌದಿ ಬೇಡ, ಕಾವು ಜಾಸ್ತಿಯಾಗಿ ಸೋಪು ನಡುವೆ ಬಿರಿಯುತ್ತದೆ.

ಬೋಗುಣಿ ತೊಳೆಯಲು ಅವಸರ ಮಾಡಬೇಡಿ. ಅಂಟಿಕೊಂಡಿರುವುದು ಇನ್ನೂ ಸುಡುವ ಮಿಶ್ರಣ. ಮಕ್ಕಳ ಕೈಗೆ ಸಿಗದ ಕಡೆ ಒಂದು ದಿನ ಬಿಟ್ಟರೆ ಅದೇ ಸೋಪಾಗಿರುತ್ತದೆ. ಗ್ಲೌಸ್ ಹಾಕಿಕೊಂಡೇ ತೊಳೆಯಿರಿ, ಸಲೀಸಾಗಿ ಹೋಗುತ್ತದೆ.

ಕತ್ತರಿಸುವುದು, ಕಾಯುವುದು

ಒಂದೆರಡು ದಿನಕ್ಕೆ ಗಡ್ಡೆ ಡಬ್ಬದಿಂದ ಬಿಡುತ್ತದೆ. ಗ್ಲೌಸ್ ಹಾಕಿಕೊಂಡು ಉದ್ದನೆಯ ಚಾಕುವಿನಿಂದ ಆರು ತುಂಡು ಮಾಡಿ. ಪನೀರಿನ ಹಾಗೆ ನಯವಾಗಿ ಕತ್ತರಿಸಿಕೊಳ್ಳಬೇಕು. ಪುಡಿಪುಡಿಯಾಗಿ ಒಡೆದರೆ, ಒಳಗೆ ನೀರಿನ ಗುಳ್ಳೆಯೋ ಬಿಳಿ ಹರಳೋ ಕಂಡರೆ ತೂಕ ತಪ್ಪಿದೆ ಅಥವಾ ಸರಿಯಾಗಿ ಕೂಡಿಲ್ಲ. ಅದನ್ನು ಮೈಗೆ ಹಚ್ಚಬೇಡಿ. ಮೇಲ್ಗಡೆ ಬಿಳಿ ಬೂದಿಯಂಥ ತೆಳು ಪುಡಿ ಕೂತಿದ್ದರೆ ಹೆದರಬೇಕಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ತುಂಡುಗಳ ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟು, ನೆರಳಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಿ. ನಾಲ್ಕರಿಂದ ಆರು ವಾರ. ವಾರಕ್ಕೊಮ್ಮೆ ಮಗ್ಗಲು ಬದಲಿಸಿ. ನಾನು ಒಂದು ತುಂಡನ್ನು ಪ್ರತಿ ಭಾನುವಾರ ತೂಗಿ ಚೀಟಿಯಲ್ಲಿ ಬರೆಯುತ್ತೇನೆ. ತೂಕ ಇಳಿಯುವುದು ನಿಂತರೆ ನೀರು ಆರಿದೆ ಅಂತ ಅರ್ಥ. ಹಸಿ ಸೋಪು ಬಚ್ಚಲಲ್ಲಿ ವಾರದೊಳಗೆ ಕರಗಿ ಲೋಳೆಯಾಗುತ್ತದೆ, ಆರಿದ್ದು ಬಾಳಿಕೆ ಬರುತ್ತದೆ. ಕೊನೆಗೆ ಒದ್ದೆ ಸೋಪಿಗೆ ಪಿಎಚ್ ಕಾಗದ, ಅಂದರೆ ಕ್ಷಾರ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಕಾಗದ, ಒತ್ತಿ ನೋಡಿ. 9ರಿಂದ 10 ಬಂದರೆ ಸರಿ. 11 ದಾಟಿದರೆ ಬಳಸಬೇಡಿ.

ಆರು ವಾರದ ಮೇಲೆ ಈ ಅಳತೆಯ ಮೊದಲ ಸೋಪು ಅವ್ವನ ಕೈಗೆ ಕೊಟ್ಟೆ. ಬೋರ್ ನೀರಲ್ಲೇ ಕೈ ತೊಳೆದಳು. 'ನೊರಿ ಛಲೋ ಬರ್ತದಲ್ಲ' ಅಂದಳು, ಮತ್ತೊಂದು ಸಲ ತೊಳೆದಳು. ಒರೆಸಿಕೊಂಡ ಅಂಗೈಯನ್ನು ನನ್ನ ಕೆನ್ನೆಗೆ ಹಚ್ಚಿ ತೋರಿಸಿದಳು, ಬಿಗಿತ ಇರಲಿಲ್ಲ.

ಜಿಗುಟು ಪೂರ್ತಿ ಹೋಗಿದೆ ಅಂತ ನಾನು ಹೇಳುವುದಿಲ್ಲ. ಸುಣ್ಣದ ನೀರಲ್ಲಿ ಯಾವ ಸೋಪಾದರೂ ಸ್ವಲ್ಪ ಒಡೆಯುತ್ತದೆ. ಎರಡನೇ ಸಲ ಮಾಡುವಾಗ ಇದಕ್ಕೊಂದು ಉಪಾಯ ಇದೆ. 5 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯ ನಿಂಬೆ ಉಪ್ಪು, ಮೊದಲು ನೀರಲ್ಲಿ ಕರಗಿಸಿ. ಅದು ಸುಮಾರು 3 ಗ್ರಾಂ ಕಾಸ್ಟಿಕ್ ತಿನ್ನುತ್ತದೆ, ಹಾಗಾಗಿ ಕಾಸ್ಟಿಕ್ 73ರ ಬದಲು 76 ಗ್ರಾಂ ಹಾಕಿ. ಹೀಗೆ ಆಗುವ ಸಿಟ್ರೇಟ್ ನೀರಿನ ಕ್ಯಾಲ್ಸಿಯಂ ಅನ್ನು ತಾನು ಹಿಡಿದುಕೊಳ್ಳುತ್ತದೆ, ಸೋಪಿಗೆ ಕಡಿಮೆ ಬಿಡುತ್ತದೆ. ನಮ್ಮ ಬಚ್ಚಲ ಪರ್ಸಿಯ ಮೇಲೆ ಪೊರೆ ಈಗ ತಡವಾಗಿ ಕಟ್ಟುತ್ತಿದೆ.

ಚರ್ಮರೋಗ ಇರುವವರು ಡಾಕ್ಟರನ್ನು ಕೇಳಿಯೇ ಬಳಸಿ. ಇದು ಸೋಪು, ಔಷಧಿಯಲ್ಲ. ಮನೆಯವರಿಗೆ, ನೆಂಟರಿಗೆ ಕೊಡಲು ಅಡ್ಡಿಯಿಲ್ಲ, ಮಾರಬೇಕೆಂದರೆ ಲೈಸೆನ್ಸ್ ತೆಗೆದುಕೊಳ್ಳಬೇಕು. ತಳಕ್ಕೆ ತೂತಿರುವ ಸೋಪಿನ ಡಬ್ಬಿಯಲ್ಲಿ ಇಡಿ. ಮಳೆಗಾಲದಲ್ಲಿ ಸೋಪಿನ ಮೇಲೆ ಬೆವರಿನಂಥ ಹನಿ ಕಂಡರೆ ಗಾಬರಿ ಬೇಡ. ಒಳಗಿರುವ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡಿದೆ, ಒರೆಸಿ ಬಳಸಿ.