ಅಡಿಕೆ ಪಟ್ಟಿಯಲ್ಲಿ ಗ್ರಹಣ: ನನ್ನ ಅನುಭವ

ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ನಾಲ್ಕನೇ ತರಗತಿಗೆ ಟಾರ್ಚನ್ನು ಬದಿಗಿಟ್ಟು ಬಿಸಿಲಿನಲ್ಲೇ ಗ್ರಹಣ ಕಲಿಸುತ್ತೇನೆಂದಾಗ, ಇಷ್ಟು ಚಿಕ್ಕವರಿಗೆ ಅಳತೆಯ ಗೊಡವೆ ಏಕೆಂದು ಸಹೋದ್ಯೋಗಿಗಳು ಕೇಳಿದ್ದರು. ಈಗ ನನ್ನ ಅಡಿಕೆ ಮರದ ಪಟ್ಟಿಯನ್ನು ಅವರೇ ಎರವಲು ಒಯ್ಯುತ್ತಾರೆ.

ಟಾರ್ಚಿನೆದುರು ಚೆಂಡನ್ನು ಹೇಗೆ ಹಿಡಿದರೂ ನೆರಳು ಬೀಳುವುದರಿಂದ, ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ ಏಕಿಲ್ಲ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಸುಮಾರು ಎರಡು ಸಾವಿರ ರೂಪಾಯಿ ಕೊಟ್ಟು ತರಿಸಿದ, ಕೈಯಿಂದ ತಿರುಗಿಸುವ ಸೂರ್ಯ-ಭೂಮಿ-ಚಂದ್ರರ ಮಾದರಿಯೂ ತಿಂಗಳಿಗೆರಡು ಗ್ರಹಣ ತೋರಿಸುತ್ತಿತ್ತು, ಅದೀಗ ಕಪಾಟಿನಲ್ಲಿದೆ.

ನನ್ನ ಮಾದರಿಗೆ ಐವತ್ತು ರೂಪಾಯಿಯೂ ಆಗಿರಲಾರದು. ಅಡಿಕೆ ಮರ ಸೀಳಿದ ಪಟ್ಟಿಯ ಒಂದು ತುದಿಯಲ್ಲಿ 4 ಸೆಂ.ಮೀ. ಅಗಲದ ಟೇಬಲ್ ಟೆನಿಸ್ ಚೆಂಡು ಭೂಮಿ, 120 ಸೆಂ.ಮೀ. ಆಚೆ 11 ಮಿ.ಮೀ. ಮಣಿ ಚಂದ್ರ; ಗಾತ್ರ, ದೂರ ಎರಡೂ ನಿಜವಾದ ಅನುಪಾತದಲ್ಲೇ. ಜೇಡಿಮಣ್ಣಿನ ಚಂದ್ರ ಒಣಗಿ ಬಿರಿಯಿತು, ದಪ್ಪ ತಂತಿಗೆ ಸಿಕ್ಕಿಸಿದ ಮಣಿಯ ನೆರಳಿನೊಡನೆ ತಂತಿಯ ನೆರಳೂ ಬಿತ್ತು. ಕೊನೆಗೆ ಕಂಡುಕೊಂಡ ಜೋಡಣೆಯನ್ನು ಶಾಲೆಗೆ ಬಂದವರಿಗಷ್ಟೇ ತೋರಿಸುತ್ತೇನೆ.

ಮಣಿಯ ತುದಿಯನ್ನು ಸೂರ್ಯನತ್ತ ಹಿಡಿದು ಅದರ ನೆರಳನ್ನು ಚೆಂಡಿನ ಮೇಲೆ ತರಬೇಕು. ಯಾರೂ ಸೂರ್ಯನನ್ನು ನೋಡಕೂಡದು, ಕಣ್ಣು ಚೆಂಡಿನ ಮೇಲೆಯೇ ಇರಬೇಕು. ಮಕ್ಕಳು ಬಹಳ ಹೊತ್ತು ಪರದಾಡುತ್ತಾರೆ; ಆ ಪರದಾಟವೇ ಪಾಠ. ಚಂದ್ರನ ಕಕ್ಷೆಯ ಓರೆ ಸುಮಾರು 5 ಡಿಗ್ರಿ ಇರುವುದರಿಂದ ಮಣಿಯನ್ನು 11 ಸೆಂ.ಮೀ. ಮೇಲಕ್ಕೆತ್ತಿಸುತ್ತೇನೆ. ಆಗ ನೆರಳು, ನಡುವೆ ಇನ್ನೆರಡು ಚೆಂಡು ಹಿಡಿಸುವಷ್ಟು ಮೇಲೆ ಹಾದುಹೋಗುತ್ತದೆ. ಅಮಾವಾಸ್ಯೆಯ ಪ್ರಶ್ನೆಗೆ ಬೇರೆ ವಿವರಣೆ ಬೇಕಾಗಿಲ್ಲ.

ಪಟ್ಟಿಯನ್ನು ತಿರುಗಿಸಿದರೆ ಚಂದ್ರಗ್ರಹಣ. ಅಲ್ಲಿ ಚೆಂಡಿನ ದಟ್ಟ ನೆರಳು ಮಣಿಯ ಎರಡೂವರೆ ಪಟ್ಟು ಅಗಲವಿದ್ದು, ಮಣಿ ಸುಲಭವಾಗಿ ಒಳಗೆ ಮುಳುಗುತ್ತದೆ. 2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರ 82 ನಿಮಿಷ ಪೂರ್ಣವಾಗಿ ನೆರಳಿನಲ್ಲಿದ್ದುದಕ್ಕೂ, 2019ರ ಡಿಸೆಂಬರ್ 26ರಂದು ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಬಳೆಯಾಕಾರದ ಸೂರ್ಯ ಮೂರು ನಿಮಿಷದಷ್ಟೇ ಕಂಡುದಕ್ಕೂ ಕಾರಣ ಹೀಗೆ ಕೈಗೆ ಸಿಗುತ್ತದೆ. ಈ ಬಳೆಯಾಕಾರದ ಕಂಕಣಗ್ರಹಣಕ್ಕೆಂದು ಪಟ್ಟಿಯಲ್ಲಿ, ಚಂದ್ರ ಅತಿ ಹತ್ತಿರ ಮತ್ತು ಅತಿ ದೂರ ಇರುವಾಗಿನ ಅಳತೆಗೆ, 112 ಮತ್ತು 128 ಸೆಂ.ಮೀ.ಗೆ ಗೀರು ಹಾಕಿದ್ದೇನೆ: ಚಂದ್ರ ದೂರವಾದಂತೆ ಚೆಂಡಿನ ಮೇಲಿನ ನೆರಳಿನ ಚುಕ್ಕೆಯ ನಡುವಿನ ಕಪ್ಪು ಮಾಸುವುದು ಮಕ್ಕಳಿಗೆ ಚೆನ್ನಾಗಿ ಕಾಣುತ್ತದೆ.

ಗ್ರಹಣದ ಚಂದ್ರ ಕೆಂಪಗಾಗುವುದನ್ನು ತೋರಿಸಲು, ಭೂಮಿಯ ವಾತಾವರಣದ ಬದಲಿಗೆ ಗಾಜಿನ ಲೋಟದ ನೀರಿಗೆ ಹಾಲು ಬೆರೆಸಿ ಹಿಂದಿನಿಂದ ಟಾರ್ಚು ಬಿಟ್ಟೆ. ಚಮಚದಷ್ಟು ಹಾಲಿಗೆ ಎಲ್ಲವೂ ಬಿಳಿಯಾಯಿತು. ಕೆಲವೇ ಹನಿಗಳಿಗೆ ಬೆಳಕು ಕಿತ್ತಳೆಯಾಗಿ ಬಂತು.

ಜೂನ್‌ನಿಂದ ನಮ್ಮಲ್ಲಿ ಬಿಸಿಲನ್ನು ನಂಬುವಂತಿಲ್ಲವಾದ್ದರಿಂದ ಈ ಪಾಠವನ್ನು ಡಿಸೆಂಬರಿಗೆ ಇಟ್ಟುಕೊಳ್ಳುತ್ತೇನೆ. ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಸೂರ್ಯ ಇನ್ನೂ ಕೆಳಗಿರುವುದರಿಂದ, ಉದ್ದನೆಯ ಪಟ್ಟಿಯನ್ನು ಮಕ್ಕಳೇ ಹಿಡಿಯಬಲ್ಲರು.