ದಂಪತಿಗಳ ಸಮಾನತೆ: ನಾನು ಕಾಗದಪತ್ರದಿಂದ ಶುರು ಮಾಡುವ ಕ್ರಮ

ಸಲಹೆಗೆ ಬಂದ ಗಂಡ ಹೆಂಡತಿಯನ್ನು 'ಮನೆಯಲ್ಲಿ ತೀರ್ಮಾನ ಯಾರದು?' ಎಂದು ಕೇಳಿ ಪ್ರಯೋಜನವಿಲ್ಲ. 'ಇಬ್ಬರದೂ' ಎಂಬ ಉತ್ತರ ನಾಲಗೆ ತುದಿಯಲ್ಲೇ ಇರುತ್ತದೆ. ಪಾಸ್‌ಬುಕ್, ಕ್ರಯಪತ್ರ, ಸಾಲದ ಕಾಗದ ತನ್ನಿ ಎನ್ನುತ್ತೇನೆ.

ಮೊದಲು ಹೆಂಡತಿಯ ಬ್ಯಾಂಕ್ ಖಾತೆಗೆ ಯಾರ ಮೊಬೈಲ್ ನಂಬರ್ ಕೊಟ್ಟಿದೆ ಎಂದು ನೋಡುತ್ತೇನೆ. ಸಂಬಳ ಅವಳಿಗೆ, ಒಟಿಪಿ ಗಂಡನ ಫೋನಿಗೆ ಎಂದಾದರೆ ಅವಳೇ ಬ್ಯಾಂಕಿಗೆ ಹೋಗಿ ನಂಬರ್ ಬದಲಿಸಬೇಕು, ಎಟಿಎಂ ಪಿನ್ ಕೂಡ. ಸಣ್ಣ ಕೆಲಸ, ಆದರೆ ದೊಡ್ಡ ಜಗಳ ಏಳುವುದು ಇಲ್ಲೇ.

ಹೆಚ್ಚು ಹೊತ್ತು ಹಿಡಿಯುವುದು ಮನೆಯ ವಿಚಾರ. ಸಾಲ ಹೆಚ್ಚು ಸಿಗಲಿ ಎಂದು ಹೆಂಡತಿಯ ಸಂಬಳ ತೋರಿಸಿ ಅವಳನ್ನೂ ಜಂಟಿ ಸಾಲಗಾರಳನ್ನಾಗಿ ಮಾಡಿರುತ್ತಾರೆ. ಕ್ರಯಪತ್ರದಲ್ಲಿ ಗಂಡನ ಹೆಸರೊಂದೇ. ಕಂತು ತಪ್ಪಿದರೆ ಬ್ಯಾಂಕು ಇಬ್ಬರನ್ನೂ ಹಿಡಿಯುತ್ತದೆ, ಮನೆ ಮಾತ್ರ ಒಬ್ಬನದು. ಪಂಚಾಯಿತಿ ಅಥವಾ ಪಾಲಿಕೆಯ ಖಾತೆಗೆ ಹೆಸರು ಸೇರಿಸಿದರಾಯಿತು ಎನ್ನುವವರೂ ಇದ್ದಾರೆ. ಸಾಲದು, ಅದು ಕಂದಾಯದ ದಾಖಲೆ, ಅದರಿಂದ ಒಡೆತನ ಬರುವುದಿಲ್ಲ. ಇಷ್ಟು ಪಾಲು ಎಂದು ಸ್ಪಷ್ಟವಾಗಿ ಬರೆದ ದಾನಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಸಾಲ ಬಾಕಿಯಿದ್ದರೆ ಅದಕ್ಕೂ ಮುಂಚೆ ಬ್ಯಾಂಕಿನ ಒಪ್ಪಿಗೆ ಪತ್ರ. ಮುಂದೆ ಬಾಡಿಗೆಗೆ ಕೊಟ್ಟರೆ, ದಾನ ಕೊಟ್ಟ ಪಾಲಿನ ಬಾಡಿಗೆ ತೆರಿಗೆ ಲೆಕ್ಕದಲ್ಲಿ ಗಂಡನ ಆದಾಯಕ್ಕೇ ಸೇರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಗೊಣಗಾಟ.

ಒಡವೆ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮದಂತೆ ಉಡುಗೊರೆ ಪಟ್ಟಿ ಮದುವೆಯ ಹೊತ್ತಿಗೆ ಅಥವಾ ಅದಾದ ಮೇಲೆ ಆದಷ್ಟು ಬೇಗ ಆಗಬೇಕು: ವಸ್ತು, ಅಂದಾಜು ಬೆಲೆ, ಕೊಟ್ಟವರು, ಅವರ ಸಂಬಂಧ, ವಧೂವರರ ಸಹಿ. ಮಾಡಿಟ್ಟವರು ವಿರಳ. ಹಾಗಾಗಿ ರಸೀದಿ, ಮದುವೆಯ ಫೋಟೊ ಮುಂದಿಟ್ಟುಕೊಂಡು ಈಗಲಾದರೂ ಬರೆಸುತ್ತೇನೆ. 'ಚಿನ್ನದ ಸೆಟ್ಟು' ಎಂದು ಬರೆದರೆ ಏನೂ ಬರೆಯದಂತೆಯೇ. 'ಎರಡೆಳೆ ಸರ, 32 ಗ್ರಾಂ, ಸೋದರಮಾವ ಕೊಟ್ಟದ್ದು' ಎಂದಿರಬೇಕು. ಅತ್ತೆಯ ಹೆಸರಿನ ಲಾಕರಿನಲ್ಲಿದ್ದರೆ ಅದನ್ನೂ ನಮೂದಿಸಿ ಅತ್ತೆಯ ಸಹಿ ಹಾಕಿಸಬೇಕು.

ಇನ್ನು ತವರಿನ ಪಾಲು. 'ಅರಿಶಿನ ಕುಂಕುಮಕ್ಕೆ' ಅಂತ ಒಂದಿಷ್ಟು ಕೊಟ್ಟು ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಅಡ್ಡಿಯಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಂದಾಯಿತ ಬಿಡುಗಡೆ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ಬಲು ಕಷ್ಟ. ಆದ್ದರಿಂದ ಕರಡು ಪ್ರತಿ ಮೊದಲೇ ಕೈಗೆ ಬರಲಿ, ವಕೀಲರು ಓದಲಿ. ಪಾಲಿನ ಹಣ ಬಂದರೂ ಅವಳೊಬ್ಬಳದೇ ಖಾತೆಗೆ ಬರಲಿ; ಗಂಡನ ಸಾಲ ತೀರಿಸಲು ಅದರಿಂದ ಕೊಡುವುದಾದರೆ ಅದಕ್ಕೂ ಒಂದು ಬರಹ ಇರಲಿ.